ಉಡುಪೇ ಊರಿನ ವಿಳಾಸ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಬೆಟ್ಟಸೀಮೆಯ ಸಂತೆಗಳಲ್ಲಿ ಜನ ಪರಸ್ಪರ ಊರು ಕೇಳಬೇಕಾಗಿಲ್ಲ. ಮಾಯಾ ಹೆಂಗಸರು ತೊಡುವ ‘ಹುಯಿಪಿಲ್’ ಎಂಬ ಅಗಲವಾದ ರವಿಕೆಯ ಬಣ್ಣ, ಪಟ್ಟೆ, ಕಸೂತಿ ಊರಿಂದೂರಿಗೆ ಬೇರೆ. ಆಕೆ ಎಲ್ಲಿಯವಳು, ಎಷ್ಟೋ ಬಾರಿ ಯಾವ ಭಾಷೆಯವಳು ಎಂಬುದು ಅದರಿಂದಲೇ ತಿಳಿಯುತ್ತದೆ. ದೇಶದಲ್ಲಿ ಮಾಯಾ ಭಾಷೆಗಳೇ ಇಪ್ಪತ್ತಕ್ಕೂ ಹೆಚ್ಚು.

ರಾಜಧಾನಿಯಿಂದ ಪಶ್ಚಿಮಕ್ಕೆ ಸಾಗುವ ಹೆದ್ದಾರಿಯಿಂದ ಉತ್ತರಕ್ಕೆ ತಿರುಗಿದರೆ ಚಿಚಿಕಾಸ್ತೆನಾಂಗೊ. ಗುರುವಾರ ಮತ್ತು ಭಾನುವಾರ ಅಲ್ಲಿ ಸಂತೆ. ಮೆಕ್ಕೆಜೋಳ, ಅದನ್ನು ಬೇಯಿಸಲು ಬೇಕಾದ ಸುಣ್ಣ, ಕೋಳಿ, ಹೂವು, ಬಟ್ಟೆ ಎಲ್ಲವೂ ಸಾಂತೊ ತೊಮಾಸ್ ಚರ್ಚಿನ ಮುಂದೆ ಬಂದಿಳಿಯುತ್ತವೆ. ಚರ್ಚಿನ ಮೆಟ್ಟಿಲ ಮೇಲೆ ಕಿಚೆ ಮಾಯಾ ಪೂಜಾರಿಗಳು ಧೂಪ ಹಾಕುತ್ತಾರೆ. ಒಳಗೆ ಕ್ಯಾಥೊಲಿಕ್ ಪ್ರಾರ್ಥನೆ ನಡೆದಿರುತ್ತದೆ. ಕಿಚೆ ಜನರ ಸೃಷ್ಟಿಪುರಾಣ ‘ಪೊಪೋಲ್ ವೂ’ ಉಳಿದದ್ದೂ ಈ ಊರಿನಿಂದಲೇ. 18ನೇ ಶತಮಾನದ ಆರಂಭದಲ್ಲಿ ಇಲ್ಲಿದ್ದ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ ಅದನ್ನು ನಕಲು ಮಾಡಿ ಸ್ಪ್ಯಾನಿಷ್‌ಗೆ ಅನುವಾದಿಸಿದ.

ಹೆದ್ದಾರಿಯಿಂದ ದಕ್ಷಿಣಕ್ಕೆ ತಿರುಗಿದರೆ ಸೊಲೊಲಾ. ಮಂಗಳವಾರ, ಶುಕ್ರವಾರ ಸೇರುವ ಇಲ್ಲಿನ ಸಂತೆಯಲ್ಲಿ ಪ್ರವಾಸಿಗರ ಗಲಾಟೆ ಕಡಿಮೆ. ಗಂಡಸರಲ್ಲೂ ಅನೇಕರು ಪಟ್ಟೆ ಅಂಗಿ, ಪಟ್ಟೆ ಷರಾಯಿಯ ಮೇಲೆ ಉಣ್ಣೆಯ ವಸ್ತ್ರ ಸುತ್ತಿಕೊಂಡಿರುತ್ತಾರೆ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಇಳಿದು ಅತಿತ್ಲಾನ್ ಸರೋವರದ ದಡ ಮುಟ್ಟುತ್ತದೆ. ಜ್ವಾಲಾಮುಖಿ ಸಿಡಿದು ಕುಸಿದ ಕುಳಿಯಲ್ಲಿ ನೀರು ನಿಂತು ಆದ ಸರೋವರವಿದು. ಆಳ 300 ಮೀಟರಿಗೂ ಹೆಚ್ಚು. ಹೊರಗೆ ಹರಿಯುವ ನದಿಯೊಂದೂ ಇಲ್ಲ. ದಕ್ಷಿಣ ದಡದಲ್ಲಿ ಮೂರು ಜ್ವಾಲಾಮುಖಿ ಶಿಖರಗಳು. ಮಧ್ಯಾಹ್ನವಾದರೆ ‘ಶೊಕೊಮಿಲ್’ ಗಾಳಿ ಎದ್ದು ಅಲೆಗಳು ಏಳುವುದರಿಂದ ದೋಣಿಯವರು ಬೆಳಗಿನ ಹೊತ್ತನ್ನೇ ನೆಚ್ಚುತ್ತಾರೆ.

ಆಚೆ ದಡದಲ್ಲಿ ತ್ಸುತುಹಿಲ್ ಭಾಷಿಕರ ಸಾಂತಿಯಾಗೊ ಅತಿತ್ಲಾನ್. ಇಲ್ಲಿನ ಹುಯಿಪಿಲ್‌ನ ತುಂಬ ಕಸೂತಿಯ ಹಕ್ಕಿಗಳು. ಹೆಂಗಸರು ತಲೆಗೆ ಚಕ್ರದಂತೆ ಸುತ್ತಿಕೊಳ್ಳುತ್ತಿದ್ದ ಉದ್ದನೆಯ ಕೆಂಪು ಪಟ್ಟಿ ಈಗ ಹೆಚ್ಚಾಗಿ ವಯಸ್ಸಾದವರಲ್ಲಷ್ಟೇ ಕಾಣುತ್ತದೆ. ಆ ಪಟ್ಟಿ ಸುತ್ತಿದ ಇದೇ ಊರಿನ ಹೆಣ್ಣಿನ ಮುಖವನ್ನು ಸರ್ಕಾರ 25 ಸೆಂತಾವೊ ನಾಣ್ಯದ ಮೇಲೆ ಅಚ್ಚುಹಾಕಿಸಿತು. ಅದೇ ಸರ್ಕಾರದ ಸೈನ್ಯ 1980ರಲ್ಲಿ ಊರ ಪಕ್ಕ ಠಾಣ್ಯ ಹೂಡಿತು.

1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಸುಮಾರು ಎರಡು ಲಕ್ಷ. ಗುರುತು ಸಿಕ್ಕವರಲ್ಲಿ ಶೇ. 83 ಮಂದಿ ಮಾಯಾ ಜನ ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ಬೆಟ್ಟದ ಹಳ್ಳಿಗಳು ಸುಟ್ಟುಹೋದ ಆ ದಿನಗಳಲ್ಲಿ ಹುಯಿಪಿಲ್ ಕಂಡರೆ ಹಳ್ಳಿಯ ಹೆಸರು ಹೇಳಿದಂತೆಯೇ. ತಪ್ಪಿಸಿಕೊಂಡು ಓಡಿದ ಎಷ್ಟೋ ಹೆಂಗಸರು ಅದನ್ನು ಕಳಚಿ ಪೇಟೆಯ ಬಟ್ಟೆ ತೊಟ್ಟರು. ಸಾಂತಿಯಾಗೊದಲ್ಲಿ 1990ರ ಡಿಸೆಂಬರ್ 2ರ ನಸುಕಿನಲ್ಲಿ, ಕುಡಿದ ಸೈನಿಕರ ಹಾವಳಿಯಿಂದ ರೋಸಿಹೋದ ಸಾವಿರಾರು ಜನ ಬಿಳಿ ಬಾವುಟ ಹಿಡಿದು ಠಾಣ್ಯಕ್ಕೆ ನಡೆದರು. ಸೈನಿಕರು ಗುಂಡು ಹಾರಿಸಿದರು. 13 ಮಂದಿ ಸತ್ತರು. ಊರಿಗೆ ಊರೇ ಸಹಿ, ಹೆಬ್ಬೆಟ್ಟು ಒತ್ತಿ ಸೈನ್ಯ ಬೇಡವೆಂದಿತು. ಅದೇ ತಿಂಗಳು ಠಾಣ್ಯ ತೆರವಾಯಿತು.

ಊರಿಗೊಂದು ಉಡುಪೆಂಬುದು ಜನರನ್ನು ಗುರುತಿಸಲು ಸ್ಪ್ಯಾನಿಷರು ಹೇರಿದ ಕಟ್ಟಳೆ ಎಂಬ ವಾದವಿದೆ. ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಸ್ಪ್ಯಾನಿಷರು ಬರುವುದಕ್ಕೆ 800 ವರ್ಷ ಹಿಂದಿನ ಯಾಶ್‌ಚಿಲಾನ್ ಶಿಲ್ಪಗಳಲ್ಲಿ ರಾಣಿಯರು ಹುಯಿಪಿಲ್ ತೊಟ್ಟೇ ನಿಂತಿದ್ದಾರೆ. ಮಗ್ಗವೂ ಹಳೆಯದೇ: ಹಾಸಿನ ಒಂದು ತುದಿ ಕಂಬಕ್ಕೆ, ಇನ್ನೊಂದು ನೇಯುವಾಕೆಯ ಸೊಂಟಕ್ಕೆ. ಸೊಂಟ ಹಿಂದಕ್ಕೆ ಬಾಗಿದಂತೆ ನೂಲು ಬಿಗಿಯಾಗುತ್ತದೆ. ಹೀಗೆ ಒಂದು ಹುಯಿಪಿಲ್ ನೇಯಲು ತಿಂಗಳುಗಳೇ ಬೇಕಾಗಬಹುದು.

ಈಗಿನ ಜಗಳ ವಿನ್ಯಾಸದ್ದು. ಊರಿನ ಚಿತ್ತಾರಗಳನ್ನು ಕಂಪನಿಗಳು ಕೇಳದೆ ಬಳಸುತ್ತಿವೆಯೆಂದು ನೇಕಾರ ಮಹಿಳೆಯರು 2016ರಲ್ಲಿ ಸಂವಿಧಾನ ನ್ಯಾಯಾಲಯಕ್ಕೆ ಹೋದರು. ರಕ್ಷಣೆಗೆ ಕಾನೂನು ತರುವಂತೆ ನ್ಯಾಯಾಲಯ ಮರುವರ್ಷ ಸಂಸತ್ತಿಗೆ ಸೂಚಿಸಿತು. ಇತ್ತ ಸಂತೆಯಲ್ಲಿ ಯಂತ್ರದಲ್ಲಿ ಅಚ್ಚಾದ ಅಗ್ಗದ ಹುಯಿಪಿಲ್‌ಗಳೂ ಕೈಮಗ್ಗದವುಗಳ ಪಕ್ಕದಲ್ಲೇ ನೇತಾಡುತ್ತವೆ. ಕೊಳ್ಳುವವರಲ್ಲಿ ಮಾಯಾ ಹೆಂಗಸರೇ ಬಹಳ.