ಸೋತ ಕೈ ಮತ್ತು ಚಿಕಿತ್ಸೆಯ ಪರೀಕ್ಷೆ

ಪಾರ್ಶ್ವವಾಯು ಬಡಿದ ಮನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿಯೊಂದುಂಟು. ರೋಗಿ ಕೆಲವು ವಾರಗಳಲ್ಲಿ ಕೋಲೂರಿ ನಡೆದಾಡತೊಡಗುತ್ತಾನೆ. ಅನ್ನ ಕಲಸಲು, ಗುಂಡಿ ಹಾಕಿಕೊಳ್ಳಲು ಕೈ ಮಾತ್ರ ಒಪ್ಪುವುದಿಲ್ಲ. ಆಗ ಮನೆಯವರು ಮಾಡಿಸದ ಚಿಕಿತ್ಸೆಯಿಲ್ಲ. ಎಣ್ಣೆ ನೀವುವವರು, ವಿದ್ಯುತ್ತು ಹರಿಸುವವರು, ಯಂತ್ರದಿಂದ ತೋಳಾಡಿಸುವವರು—ಎಲ್ಲರ ಬಳಿಯೂ ಗುಣಹೊಂದಿದವರ ಕಥೆಗಳಿರುತ್ತವೆ. ಆ ಕಥೆಗಳನ್ನು ಸುಳ್ಳೆನ್ನಬೇಕಾಗಿಲ್ಲ. ತೊಡಕಿರುವುದು ಬೇರೆಡೆ.

ಮೆದುಳಿಗೆ ಪೆಟ್ಟು ಬಿದ್ದ ಮೊದಲ ಮೂರು ತಿಂಗಳಲ್ಲಿ ಪ್ರಕೃತಿಯೇ ಬಹುಮಟ್ಟಿನ ದುರಸ್ತಿಯನ್ನು ನಡೆಸುತ್ತದೆ. ಆ ಅವಧಿಯಲ್ಲಿ ಯಾವ ಚಿಕಿತ್ಸೆ ನಡೆದಿರಲಿ, ಕೀರ್ತಿ ಅದಕ್ಕೇ ಸಲ್ಲುತ್ತದೆ. ಆದುದರಿಂದ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಹೊಸ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹಳೆಯದನ್ನೂ ಕೊಟ್ಟು, ಯಾರು ಯಾವ ಗುಂಪಿನವರೆಂದು ಅರಿಯದವರಿಂದ ಫಲವನ್ನು ಅಳೆಯಿಸಬೇಕು. 1975ರಲ್ಲಿ ಸ್ವೀಡನ್ನಿನ ಫುಗಲ್-ಮೇಯರ್ ಮತ್ತು ಸಂಗಡಿಗರು ರೂಪಿಸಿದ ಮಾಪನ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ತೋಳಿನ ಚಲನೆಗೆ 66 ಅಂಕಗಳು. (ಅಂಕ ಏರಿದ ಮಾತ್ರಕ್ಕೆ ರೋಗಿ ಲೋಟವೆತ್ತಿ ಕಾಫಿ ಕುಡಿದಾನೆಂಬ ಭರವಸೆಯೇನೂ ಇಲ್ಲ.)

ಸೋತ ಅಂಗವನ್ನು ಬಳಸದೆ ಬಳಸದೆ ಪ್ರಾಣಿಯು ಅದನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟೌಬ್ ಕೋತಿಗಳಲ್ಲಿ ಕಂಡುಕೊಂಡರು. ಹಾಗಾದರೆ ಒಳ್ಳೆಯ ಕೈಯನ್ನು ತಡೆದರೆ ಸೋತದ್ದು ದುಡಿಯಲೇಬೇಕಲ್ಲವೆ? ಈ ವಿಚಾರದ ದೊಡ್ಡ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ರೋಗಿಗಳು 222. ಎರಡು ವಾರ ಒಳ್ಳೆಯ ಕೈಗೆ ದಪ್ಪ ಗವಸು. ದಿನಕ್ಕೆ 6 ಗಂಟೆಗಳವರೆಗೂ ಅಭ್ಯಾಸ. ಒಂದು ವರ್ಷದ ಬಳಿಕವೂ ಗವಸಿನವರೇ ಮುಂದಿದ್ದರು. ಆದರೆ ಇನ್ನೊಂದು ಗುಂಪಿಗೆ ದೊರೆತದ್ದು ಎಂದಿನ ಉಪಚಾರವಷ್ಟೆ. ಫಲ ಬಂದದ್ದು ಗವಸಿನಿಂದಲೋ, ಗಂಟೆಗಟ್ಟಲೆ ದುಡಿದುದರಿಂದಲೋ? ಮಣಿಕಟ್ಟನ್ನು ಕೊಂಚವೂ ಎತ್ತಲಾರದವರನ್ನಂತೂ ಪರೀಕ್ಷೆಗೆ ಸೇರಿಸಿಕೊಂಡಿರಲೇ ಇಲ್ಲ.

ಇಂಥ ಸಂದೇಹವನ್ನು ಮನಸ್ಸಿನಲ್ಲಿಟ್ಟುಕೊಂಡೇ 2016ರ ಅಮೆರಿಕದ ಪರೀಕ್ಷೆ ನಡೆಯಿತು. 361 ಮಂದಿಯನ್ನು ಮೂರು ಗುಂಪು ಮಾಡಿದರು: ವಿಶೇಷ ತರಬೇತಿ 30 ಗಂಟೆ, ಸಾಮಾನ್ಯ ಚಿಕಿತ್ಸೆ ಅಷ್ಟೇ ಗಂಟೆ, ಕಡೆಯವರಿಗೆ ಎಂದಿನ ಉಪಚಾರ. ವರ್ಷದ ಕೊನೆಗೆ ವಿಶೇಷ ತರಬೇತಿ ಉಳಿದೆರಡಕ್ಕಿಂತ ಮೇಲೆನಿಸಲಿಲ್ಲ. 2019ರಲ್ಲಿ ಬ್ರಿಟನ್ನಿನ 770 ರೋಗಿಗಳ ಪರೀಕ್ಷೆಯ ವರದಿ ಬಂದಿತು. ರೋಬಾಟ್ ಯಂತ್ರವೂ ತೋಳಿನ ಉಪಯೋಗವನ್ನು ಎಂದಿನ ಉಪಚಾರಕ್ಕಿಂತ ಹೆಚ್ಚಿಸಲಿಲ್ಲ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ, ಕೈಗಷ್ಟೇ ಸೀಮಿತವಾಗದೆ, ಮನೆಯವರಿಗೇ ಅಭ್ಯಾಸ ಮಾಡಿಸಲು ಕಲಿಸಿ ನೋಡಿದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾಧೀನರಾಗಿ ಉಳಿದವರು ಎರಡು ಗುಂಪಿನಲ್ಲೂ ನೂರಕ್ಕೆ 47.

ಇವು ನಿರಾಶೆಯ ಸುದ್ದಿಗಳು. ಆದರೂ ಸಂಶೋಧನೆಯ ಮರ್ಯಾದೆಯನ್ನು ಕಾಪಾಡಿದವು ಇವೇ. ಇಪ್ಪತ್ತು ಮೂವತ್ತು ಮಂದಿಯ ಮೇಲೆ ನಡೆದು ಜಯಭೇರಿ ಬಾರಿಸುವ ಪುಟ್ಟ ಅಧ್ಯಯನಗಳು ರಾಶಿಬಿದ್ದಿವೆ. ಕಾಕ್ರೇನ್ ಸಂಸ್ಥೆಯ ವಿದ್ವಾಂಸರು 2014ರಲ್ಲಿ ಆವರೆಗಿನ 40 ಸಮೀಕ್ಷೆಗಳನ್ನು ಜಾಲಿಸಿದಾಗ, ರೂಢಿಯಲ್ಲಿದ್ದ ಯಾವ ಚಿಕಿತ್ಸೆಗೂ ಉನ್ನತ ದರ್ಜೆಯ ಆಧಾರ ಸಿಗಲಿಲ್ಲ. ಮಧ್ಯಮ ದರ್ಜೆಯ ಆಧಾರವಿದ್ದವು ಕೆಲವು: ಗವಸಿನ ವಿಧಾನ, ಒಂದೇ ಕೆಲಸದ ಪುನರಭ್ಯಾಸ, ಮತ್ತು ಕನ್ನಡಿ. ರೋಗಿಯ ಎದುರು ನಡುವೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕೈಯನ್ನು ಆಡಿಸಬೇಕು; ಬಿಂಬದಲ್ಲಿ ಸೋತ ಕೈಯೇ ಆಡಿದಂತೆ ಕಾಣುತ್ತದೆ. ಇದಕ್ಕೆ ಬೇಕಾದ ಸಲಕರಣೆ ಒಂದು ಕನ್ನಡಿ ಮಾತ್ರ.