ಸೀರೆಯಾಗದ ರೇಷ್ಮೆ

ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ದಾಟಿ ಹಣ್ಣಾದ ರೇಷ್ಮೆ ಹುಳುವಿನ ಮೈಯೊಳಗೆ ಎರಡು ಉದ್ದನೆಯ ಗ್ರಂಥಿಗಳಿರುತ್ತವೆ. ಅವುಗಳಲ್ಲಿ ಇನ್ನೂ ನೂಲು ಹುಟ್ಟಿರುವುದಿಲ್ಲ. ಬೆಲ್ಲದ ಪಾಕದಂಥ ಮಂದ ದ್ರವ ತುಂಬಿರುತ್ತದೆ. ನೀರಿನಲ್ಲಿ ಕರಗಿದ ಪ್ರೋಟೀನು ಅದು, ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನೇ. ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟ ಎರಡು ಮೂರು ದಿನಗಳಲ್ಲಿ ಹುಳು ಆ ದ್ರವವನ್ನು ಒಂದು ಕಿಲೋಮೀಟರಿನ ಆಸುಪಾಸು ಉದ್ದದ ಎಳೆಯಾಗಿ ಹೊರಹಾಕಿ ಗೂಡು ಕಟ್ಟಿ ಮುಗಿಸುತ್ತದೆ. ನೀರಿನಲ್ಲಿ ಕರಗಿಯೇ ಇದ್ದ ವಸ್ತು ಒಮ್ಮೆ ಎಳೆಯಾಯಿತೆಂದರೆ ನೀರಿಗೆ ಜಗ್ಗುವುದಿಲ್ಲ. ವೈದ್ಯಕೀಯ ಕ್ಷೇತ್ರ ಇಂದು ರೇಷ್ಮೆಯ ಬೆನ್ನು ಹತ್ತಿರುವುದು ಈ ಮಾರ್ಪಾಟಿನ ಗುಟ್ಟಿಗಾಗಿ.

ಎಳೆಯ ತಿರುಳಿನಲ್ಲಿರುವ ಪ್ರೋಟೀನಿನ ಹೆಸರು ಫೈಬ್ರೋಯಿನ್. ಅದರ ಮುಖ್ಯ ಸರಪಳಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಹತ್ತರಲ್ಲಿ ಒಂಬತ್ತು ಪಾಲು ಗ್ಲೈಸೀನ್, ಅಲನೀನ್, ಸೆರೀನ್ ಎಂಬ ಮೂರು ಪುಟ್ಟ ಅಣುಗಳೇ ಸರದಿಯಂತೆ ಬರುತ್ತವೆ. ದ್ರವ ಹುಳುವಿನ ಬಾಯಿಯತ್ತ ಸಾಗಿದಂತೆ ಆಮ್ಲೀಯತೆ ಏರುತ್ತದೆ, ನೀರು ಕಡಿಮೆಯಾಗುತ್ತದೆ, ನಾಳ ಕಿರಿದಾಗುತ್ತದೆ. ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸಿ ಎಳೆಯನ್ನು ಜಗ್ಗುತ್ತದೆ. ಆಗ ಸರಪಳಿಗಳು ಒಂದರ ಪಕ್ಕ ಒಂದು ನೇರವಾಗಿ, ನಡುವೆ ನೀರಿಗೂ ಜಾಗವಿಲ್ಲದಷ್ಟು ಒತ್ತಾಗಿ ಕೂತು ಸಣ್ಣ ಸ್ಫಟಿಕಗಳಾಗುತ್ತವೆ. ನೈಲಾನ್ ನೂಲು ತೆಗೆಯಲು 250 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಹುಳುವಿಗೆ ಸಾಕಾಣಿಕೆ ಮನೆಯ ಹದವಾದ ಗಾಳಿಯೇ ಸಾಕು. ನನಗೆ ಇದು ಇಡೀ ವಸ್ತುವಿಜ್ಞಾನದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಶಸ್ತ್ರವೈದ್ಯರು ರೇಷ್ಮೆ ದಾರದಿಂದ ಗಾಯ ಹೊಲಿಯುತ್ತ ಬಂದು ಶತಮಾನಗಳೇ ಆದವು. ಕೆಲವರಿಗೆ ಮಾತ್ರ ಹೊಲಿಗೆಯ ಸುತ್ತ ಊತ ಬರುತ್ತಿತ್ತು. ಎಳೆಯನ್ನು ಸುತ್ತಿದ ಅಂಟು, ಅಂದರೆ ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು, ಫೈಬ್ರೋಯಿನ್ ಜೊತೆಗೇ ಉಳಿದಾಗ ದೇಹ ಸಿಡುಕುತ್ತದೆಂದು ಮುಂದೆ ತಿಳಿಯಿತು. ಗೂಡಿನ ಕಾಲುಭಾಗದಷ್ಟು ತೂಕ ಈ ಅಂಟಿನದು.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಬಳಗ ಗೂಡನ್ನು ಮತ್ತೆ ದ್ರವವಾಗಿಸುವ ಕ್ರಮವನ್ನು 2011ರಲ್ಲಿ ವಿವರವಾಗಿ ಪ್ರಕಟಿಸಿತು. ಗೂಡನ್ನು ಕತ್ತರಿಸಿ ಒಳಗಿರುವುದನ್ನು ತೆಗೆದುಹಾಕಬೇಕು. ಸೋಡಿಯಂ ಕಾರ್ಬೊನೇಟ್ ಬೆರೆತ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಅಂಟು ಬಿಡಿಸಬೇಕು. ಒಣಗಿದ ನಾರನ್ನು ಗಾಢವಾದ ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು ಕರಗಿಸಿ, ಆಮೇಲೆ ಎರಡು ದಿನ ಶುದ್ಧ ನೀರಿನಲ್ಲಿ ಪೊರೆಯ ಮೂಲಕ ಲವಣ ಸೋಸಿ ತೆಗೆಯಬೇಕು. ಉಳಿಯುವುದು ನೀರು ಮತ್ತು ಫೈಬ್ರೋಯಿನ್. ಅದರಿಂದ ತೆಳು ಹಾಳೆ, ಸ್ಪಂಜು, ಜೆಲ್, ಕೂದಲಿಗಿಂತ ಸಣ್ಣ ಮೊನೆಯ ಸೂಜಿ, ಏನನ್ನು ಬೇಕಾದರೂ ಮಾಡಬಹುದು.

ಅಸಲು ವಿಷಯ ಇರುವುದು ಇದರ ನಂತರ. ದ್ರವವನ್ನು ಸುಮ್ಮನೆ ಒಣಗಿಸಿದರೆ ಸ್ಫಟಿಕಗಳು ಕಡಿಮೆ, ಆ ಹಾಳೆ ನೀರು ತಾಗಿದ ಸ್ವಲ್ಪ ಹೊತ್ತಿಗೇ ಕರಗುತ್ತದೆ. ನೀರಾವಿಯಲ್ಲಿ ಇಟ್ಟರೆ ಸ್ಫಟಿಕಗಳು ಹೆಚ್ಚುತ್ತವೆ, ಮೆಥನಾಲಿನಲ್ಲಿ ಅದ್ದಿದರೆ ಇನ್ನೂ ಹೆಚ್ಚುತ್ತವೆ. ಸ್ಫಟಿಕ ಹೆಚ್ಚಿದಷ್ಟೂ ದೇಹದ ಕಿಣ್ವಗಳು ಅದನ್ನು ಕತ್ತರಿಸುವುದು ನಿಧಾನ. ಹೀಗೆ ಒಂದೇ ವಸ್ತು ಕೆಲವು ದಿನ ಇರಬೇಕೋ, ತಿಂಗಳುಗಟ್ಟಲೆ ಇರಬೇಕೋ, ವರ್ಷ ದಾಟಬೇಕೋ ಎಂಬುದನ್ನು ಮೊದಲೇ ನಿರ್ಧರಿಸಬಹುದು. ಮುರಿದ ಮೂಳೆಗೆ ಹಾಕಿದ ಲೋಹದ ತಿರುಪನ್ನು ಎಷ್ಟೋ ಸಲ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಗುತ್ತದೆ. 2014ರಲ್ಲಿ ಟಫ್ಟ್ಸ್ ಬಳಗವೂ ಬಾಸ್ಟನ್ನಿನ ವೈದ್ಯರೂ ಸೇರಿ ರೇಷ್ಮೆ ಪ್ರೋಟೀನಿನಿಂದಲೇ ತಿರುಪು ಮಾಡಿ ಇಲಿಗಳ ಮೂಳೆಯಲ್ಲಿ ಕೂರಿಸಿ ತೋರಿಸಿದರು. ದೇಹದಲ್ಲಿ ಕರಗುವ ಕೆಲವು ಪ್ಲಾಸ್ಟಿಕ್‌ಗಳು ಒಡೆಯುವಾಗ ಸುತ್ತ ಆಮ್ಲ ಬಿಡುತ್ತವೆ. ರೇಷ್ಮೆ ಒಡೆದರೆ ಸಿಗುವುದು ಪೆಪ್ಟೈಡ್‌ಗಳು ಮತ್ತು ಅಮೈನೋ ಆಮ್ಲಗಳು, ದೇಹ ಅವನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳಬಲ್ಲದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಲಸಿಕೆಯ ಪ್ರಯೋಗ. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯನ್ನು ರೇಷ್ಮೆ ಹಾಳೆಯೊಳಗೆ ಹುದುಗಿಸಿ 45 ಡಿಗ್ರಿ ಶಾಖದಲ್ಲಿ ಆರು ತಿಂಗಳು ಇಟ್ಟರೂ ಅದರ ಬಹುಪಾಲು ಶಕ್ತಿ ಉಳಿದಿತ್ತೆಂದು ಕಪ್ಲಾನ್ ಬಳಗ 2012ರಲ್ಲಿ ವರದಿ ಮಾಡಿತು. ಬಿಗಿಯಾಗಿ ಕೂತ ಪ್ರೋಟೀನಿನ ನಡುವೆ ಲಸಿಕೆಯ ಕಣಗಳಿಗೆ ಅಲುಗಾಡಲು ಆಸ್ಪದವಿಲ್ಲ, ಕೆಡಿಸುವಷ್ಟು ನೀರೂ ಸುತ್ತ ಇರುವುದಿಲ್ಲ. ಕರೆಂಟು ಹೋದಾಗಲೆಲ್ಲ ಐಸ್ ಪ್ಯಾಕ್ ಹುಡುಕಬೇಕಾದ ಆರೋಗ್ಯ ಉಪಕೇಂದ್ರದ ದಾದಿಯರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

ನಮ್ಮಲ್ಲೂ ಕೆಲಸ ನಡೆದಿದೆ. ಟಸರ್ ಮತ್ತು ಅಸ್ಸಾಮಿನ ಮುಗಾ ರೇಷ್ಮೆಯ ಪ್ರೋಟೀನಿನಲ್ಲಿ ಜೀವಕೋಶಗಳು ಹಿಡಿದು ನಿಲ್ಲಲು ಒದಗುವ ಮೂರು ಅಮೈನೋ ಆಮ್ಲಗಳ ಒಂದು ಗುರುತು ಸಹಜವಾಗಿಯೇ ಇದೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ಅದಿಲ್ಲ. ಖರಗ್‌ಪುರ, ಗುವಾಹಟಿ ಐಐಟಿಗಳಲ್ಲಿ ಇವುಗಳ ಮೇಲೆ ಸಂಶೋಧನೆಯಾಗಿದೆ. ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ರೇಷ್ಮೆ ಪ್ರೋಟೀನಿನ ಗಾಯಪಟ್ಟಿಗಳನ್ನು ಮಾರುಕಟ್ಟೆಗೆ ತಂದಿದೆ.

ಇದೆಲ್ಲ ಪರಿಸರಸ್ನೇಹಿ ಎನ್ನುವಾಗ ಕೊಂಚ ತಡೆದು ನೋಡಬೇಕು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಕೊಡುತ್ತದೆ, ನಿಜ. ಗೂಡು ಕುದಿಸಲು ಮಾತ್ರ ಉರುವಲು ಬೇಕು, ಲಿಥಿಯಂ ಬ್ರೋಮೈಡನ್ನು ಹಿಂಪಡೆಯದೆ ಚೆಲ್ಲುವಂತಿಲ್ಲ, ಸೆರಿಸಿನ್ ತುಂಬಿದ ನೀರು ಚರಂಡಿಗೆ ಹೋದರೆ ಕೆರೆ ಕೆಡುತ್ತದೆ. ಅದೇ ಸೆರಿಸಿನ್ನನ್ನು ಬೇರ್ಪಡಿಸಿದರೆ ಪ್ರಸಾಧನ ಸಾಮಗ್ರಿಗೂ ಗಾಯದ ಮುಲಾಮಿಗೂ ಬಳಸಬಹುದು.

ಹೊರೆ ತಗ್ಗಿಸುವ ಇನ್ನೊಂದು ದಾರಿ ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲೇ ಇದೆ. ಅಲ್ಲಿ ಗಂಡು ಹೆಣ್ಣು ಬೇರ್ಪಡಿಸಲು ಗೂಡನ್ನು ಕತ್ತರಿಸುತ್ತಾರೆ. ಚಿಟ್ಟೆ ತೂತು ಮಾಡಿಕೊಂಡು ಬಂದ ಗೂಡುಗಳೂ ಉಳಿಯುತ್ತವೆ. ನೂಲು ಬಿಚ್ಚಾಣಿಕೆಗೆ ಇವು ಬಾರವು, ಏಕೆಂದರೆ ಎಳೆ ತುಂಡಾಗಿರುತ್ತದೆ. ಕರಗಿಸುವವರಿಗೆ ಎಳೆಯ ಉದ್ದದ ಹಂಗೇ ಇಲ್ಲ. ಹುಳುವನ್ನು ಕೊಲ್ಲದೆ ಸಿಗುವ ಈ ಗೂಡನ್ನು ವ್ಯರ್ಥವೆಂದು ಮಾರುವುದು ನನಗೆ ಸರಿಕಾಣುವುದಿಲ್ಲ. ಆದರೆ ಔಷಧ ತಯಾರಕರು ಬಣ್ಣ, ಹೊಳಪು ಕೇಳುವುದಿಲ್ಲ. ಯಾವ ತಳಿ, ಯಾವ ಬೆಳೆ, ತೋಟಕ್ಕೆ ಏನು ಸಿಂಪಡಿಸಿದ್ದರು ಎಂದು ಕೇಳುತ್ತಾರೆ, ಪ್ರತಿ ಸಲ ಒಂದೇ ಬಗೆಯ ಪ್ರೋಟೀನು ಬಯಸುತ್ತಾರೆ. ಆ ವಿವರ ಬರೆದಿಟ್ಟ ಗೂಡಿಗೆ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಬೇರೆಯೇ ದರ ನಿಗದಿಯಾಗಬೇಕು, ಆ ದರ ಬೆಳೆಗಾರರ ಕೈಸೇರಬೇಕು.