ಹತ್ತರಲ್ಲೊಂದು ಅಳತೆಯ ಓಟದ ಬಂಡಿ

ರೇಡಿಯೋ ತರಂಗಗಳಿಂದ ನಡೆಸತಕ್ಕ ಪುಟ್ಟ ಓಟದ ಕಾರುಗಳನ್ನು ಮಾರುವವರು ಅವುಗಳ ವೇಗವನ್ನು ಬಣ್ಣಿಸುವಾಗ ಒಂದು ಲೆಕ್ಕವನ್ನು ಮುಂದಿಡುವುದುಂಟು. 'ಈ ಬಂಡಿ ಗಂಟೆಗೆ 30 ಕಿಲೋಮೀಟರು ಓಡುತ್ತದೆ. ಇದರ ಅಳತೆ ನಿಜವಾದ ಕಾರಿನ ಹತ್ತರಲ್ಲೊಂದು. ಆದುದರಿಂದ ನಿಜವಾದ ಕಾರಿನ ಲೆಕ್ಕದಲ್ಲಿ ಇದರ ವೇಗ ಗಂಟೆಗೆ 300 ಕಿಲೋಮೀಟರು' ಎಂಬುದೇ ಆ ಲೆಕ್ಕ. ಕೇಳುವುದಕ್ಕೆ ಇದು ಸೊಗಸಾಗಿಯೇ ಇದೆ. ಆದರೆ ಉದ್ದವನ್ನು ಹತ್ತರಿಂದ ಭಾಗಿಸಿದ ಮಾತ್ರಕ್ಕೆ ನಿಸರ್ಗದಲ್ಲಿರುವ ಉಳಿದೆಲ್ಲವೂ ಹತ್ತರಿಂದ ಭಾಗವಾಗುವುದೆ? ಇಂಥ ಬಂಡಿಯೊಂದನ್ನು ಬಿಡಿಭಾಗಗಳ ರೂಪದಲ್ಲಿ ತಂದು ಕೈಯಾರೆ ಜೋಡಿಸುವವನಿಗೆ ಈ ಪ್ರಶ್ನೆಯ ಉತ್ತರವು ಹೆಜ್ಜೆ ಹೆಜ್ಜೆಗೂ ದೊರೆಯುತ್ತ ಹೋಗುತ್ತದೆ.

ಮರಳು, ಮಣ್ಣು, ದಿಣ್ಣೆಗಳ ಮೇಲೆ ಓಡಲೆಂದು ರಚಿಸಿದ ಹಗುರವಾದ ಕಾರಿಗೆ 'ಬಗ್ಗಿ' ಎಂದು ಹೆಸರು. ಜಪಾನಿನ ಷಿಜುವೋಕ ನಗರದ ತಮಿಯ ಸಂಸ್ಥೆಯವರು 1984ರಲ್ಲಿ ಹೊರತಂದ 'ಹಾರ್ನೆಟ್' ಎಂಬ ಬಗ್ಗಿಯು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದೇ ವರ್ಷ ಅಮೆರಿಕದಲ್ಲಿ 'ಆರ್‌ಸಿ 10' ಎಂಬ ಇನ್ನೊಂದು ಬಂಡಿಯೂ ಬಂದಿತು. 1985ರಲ್ಲಿ ಕ್ಯಾಲಿಫೋರ್ನಿಯದ ಡೆಲ್ ಮಾರ್‌ನಲ್ಲಿ ಈ ಅಳತೆಯ ಬಗ್ಗಿಗಳಿಗಾಗಿ ಪ್ರಪಂಚದ ಮೊದಲ ಚಾಂಪಿಯನ್ ಪಂದ್ಯ ನಡೆದಾಗ, ಎರಡು ಗಾಲಿಗಳಿಗೆ ಮಾತ್ರ ಶಕ್ತಿ ದೊರೆಯುವ ವರ್ಗದಲ್ಲಿ ಗೆದ್ದುದು ಆ ಎರಡನೆಯ ಬಂಡಿಯೇ. ಕಿಟ್‌ನ ಪೆಟ್ಟಿಗೆಯನ್ನು ತೆರೆದರೆ ಕಾಣುವುದು ಬಂಡಿಯಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡಿರುವ ನೂರಾರು ತುಂಡುಗಳು, ಚಿಕ್ಕ ಚಿಕ್ಕ ಚೀಲಗಳಲ್ಲಿ ತಿರುಪುಗಳು, ಒಂದು ಮೋಟಾರು, ನಾಲ್ಕು ಟೈರುಗಳು ಮತ್ತು ಚಿತ್ರಗಳಿಂದ ತುಂಬಿದ ಒಂದು ಪುಸ್ತಿಕೆ.

ಮೊದಲು ಕೈಗೆ ಬರುವುದು ಬಂಡಿಯ ಒಡಲು. ಹಾರ್ನೆಟ್‌ನಲ್ಲಿ ಅದು ಸ್ನಾನದ ತೊಟ್ಟಿಯ ಆಕಾರದ ಪ್ಲಾಸ್ಟಿಕ್ ದೋಣಿ. ಇಷ್ಟು ಬಡಕಲಾದ ವಸ್ತು ಓಟದ ಪೆಟ್ಟುಗಳನ್ನು ಹೇಗೆ ತಡೆದೀತು ಎಂದು ಸಂದೇಹ ಬರುವುದು ಸಹಜ. ಇಲ್ಲಿಯೇ ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವಿವರಿಸಿದ ತತ್ವವನ್ನು ನೆನೆಯಬೇಕು. ಉದ್ದ, ಅಗಲ, ಎತ್ತರಗಳನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಘನಫಲವೂ ಅದರೊಡನೆ ತೂಕವೂ ಸಾವಿರದಲ್ಲೊಂದಕ್ಕೆ ಇಳಿಯುತ್ತವೆ. ಆದರೆ ಒಂದು ಕಂಬಿಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದುದು. ಅದು ಇಳಿಯುವುದು ನೂರರಲ್ಲೊಂದಕ್ಕೆ ಮಾತ್ರ. 1500 ಕಿಲೋಗ್ರಾಂ ತೂಗುವ ಕಾರಿನ ಹತ್ತರಲ್ಲೊಂದು ಪ್ರತಿರೂಪ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ಅದರ ಮೂಳೆಗಳು ಹತ್ತು ಪಟ್ಟು ಗಟ್ಟಿ. ಒಂದು ಮೀಟರು ಎತ್ತರದಿಂದ ಬಿದ್ದ ಬಗ್ಗಿ ಮೈ ಕೊಡವಿಕೊಂಡು ಮುಂದೆ ಓಡುತ್ತದೆ. ಅದಕ್ಕೆ ಸರಿಯಾಗಿ ನಿಜವಾದ ಕಾರನ್ನು ಹತ್ತು ಮೀಟರು ಎತ್ತರದಿಂದ ಬೀಳಿಸಿದರೆ ಉಳಿಯುವುದು ಕಬ್ಬಿಣದ ರಾಶಿ.

ತಿರುಪುಗಳ ವಿಷಯದಲ್ಲಿ ಒಂದು ಮಾತು. ಅವು ಪ್ಲಾಸ್ಟಿಕ್ಕಿನಲ್ಲಿ ತಮ್ಮ ಎಳೆಯನ್ನು ತಾವೇ ಕೊರೆದುಕೊಳ್ಳುತ್ತವೆ. ಬಿಚ್ಚಿ ಮತ್ತೆ ಹಾಕುವಾಗ ನೇರವಾಗಿ ಬಿಗಿಯಹೋದರೆ ಹಳೆಯ ಎಳೆಯ ಮೇಲೆ ಹೊಸ ಎಳೆ ಕೊರೆದು ರಂಧ್ರವೇ ಕೆಡುತ್ತದೆ. ಮೊದಲು ಹಿಂದುಹಿಂದಕ್ಕೆ ಮೆಲ್ಲನೆ ತಿರುಗಿಸಬೇಕು, ತಿರುಪು 'ಟಿಕ್' ಎಂದು ಹಳೆಯ ಎಳೆಗೆ ಇಳಿದುದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಿಗಿಯಬೇಕು.

ಒಡಲಾದ ಮೇಲೆ ಗಿಯರುಗಳ ಪೆಟ್ಟಿಗೆ, ಅದರ ಗರ್ಭದಲ್ಲಿ ಡಿಫರೆನ್ಷಿಯಲ್. ಬಂಡಿ ತಿರುವಿನಲ್ಲಿ ಹೋಗುವಾಗ ಹೊರಗಡೆಯ ಗಾಲಿ ಒಳಗಡೆಯ ಗಾಲಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಯಾವುದಾದರೂ ಒಂದು ನೆಲವನ್ನು ಉಜ್ಜಲೇಬೇಕು. ಓರೆಹಲ್ಲಿನ ಕೆಲವು ಚಿಕ್ಕ ಗಿಯರುಗಳು ಈ ಜಗಳವನ್ನು ತೀರಿಸುತ್ತವೆ. ಜೋಡಣೆ ಸರಿಯಾಗಿದೆಯೆ ಎಂದು ತಿಳಿಯಲು ಮೋಟಾರಿಗೆ ಸೇರುವ ದೊಡ್ಡ ಗಿಯರನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಒಂದು ಗಾಲಿಯನ್ನು ಮುಂದಕ್ಕೆ ತಿರುಗಿಸಿ ನೋಡಬಹುದು: ಇನ್ನೊಂದು ಗಾಲಿ ಅಷ್ಟೇ ವೇಗದಿಂದ ಹಿಂದಕ್ಕೆ ತಿರುಗುತ್ತದೆ. ಎರಡು ಗಾಲಿಗಳ ವೇಗಗಳ ಸರಾಸರಿಯನ್ನು ಮಾತ್ರ ಮೋಟಾರು ನಿರ್ಣಯಿಸುತ್ತದೆ, ಹಂಚಿಕೆಯನ್ನು ನೆಲಕ್ಕೆ ಬಿಡುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗವನ್ನು ನಾವು ಕಾಣೆವು. ಈ ಔದಾರ್ಯದಲ್ಲಿ ಒಂದು ದೋಷವೂ ಉಂಟು. ಒಂದು ಗಾಲಿ ನೆಲ ಬಿಟ್ಟು ಮೇಲೆದ್ದರೆ ಅದೇ ಬರಿದೆ ಗಿರ್ರನೆ ಸುತ್ತಿ, ನೆಲದ ಮೇಲಿರುವ ಗಾಲಿ ಸುಮ್ಮನಾಗುತ್ತದೆ. ಆದಕಾರಣ ಪಂದ್ಯದವರು ಗಿಯರುಗಳ ನಡುವೆ ಬಹಳ ಮಂದವಾದ ಎಣ್ಣೆಯನ್ನೋ ಜಿಡ್ಡನ್ನೋ ತುಂಬಿ, ಅವುಗಳ ಸ್ವಾತಂತ್ರ್ಯವನ್ನು ಸ್ವಲ್ಪ ಕಡಿಮೆ ಮಾಡುತ್ತಾರೆ.

ಅತ್ಯಂತ ತಾಳ್ಮೆಯನ್ನು ಬೇಡುವ ಕೆಲಸವೆಂದರೆ ಷಾಕ್ ಅಬ್ಸಾರ್ಬರುಗಳದು. ಬೆರಳುದ್ದದ ಒಂದು ಕೊಳವೆ, ಒಳಗೆ ಸಣ್ಣ ರಂಧ್ರಗಳುಳ್ಳ ಬಿಲ್ಲೆ, ಸುತ್ತಲೂ ಸುರುಳಿ ಸ್ಪ್ರಿಂಗು. ಕೊಳವೆಗೆ ಸಿಲಿಕೋನ್ ಎಣ್ಣೆಯನ್ನು ತುಂಬಿ, ಬಿಲ್ಲೆಯನ್ನು ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಆಡಿಸಿ, ಗಾಳಿಯ ಗುಳ್ಳೆಗಳೆಲ್ಲ ಮೇಲಕ್ಕೆ ಬರುವ ತನಕ ಕಾದು, ಆಮೇಲೆ ಮುಚ್ಚಳ ಹಾಕಬೇಕು. ಆತುರಪಟ್ಟು ಒಳಗೆ ಗಾಳಿಯನ್ನು ಉಳಿಸಿದರೆ ಅದು ಸುಲಭವಾಗಿ ಕುಗ್ಗುವುದರಿಂದ, ಎಣ್ಣೆಯು ರಂಧ್ರಗಳ ಮೂಲಕ ನುಗ್ಗಿ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವ ಕೆಲಸ ನಿಂತುಹೋಗುತ್ತದೆ. ಸಿಲಿಕೋನನ್ನೇ ಆರಿಸಿರುವುದಕ್ಕೂ ಕಾರಣವಿದೆ: ಬಿಸಿಲಿಗೂ ಚಳಿಗೂ ಅದರ ಸ್ನಿಗ್ಧತೆ ಇತರ ಎಣ್ಣೆಗಳಷ್ಟು ಬದಲಾಗುವುದಿಲ್ಲ.

ಸ್ಪ್ರಿಂಗಿನ ಮೇಲೆ ಕುಳಿತ ತೂಕ ಎಷ್ಟು ಬೇಗ ಕುಣಿಯುತ್ತದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಲೆಕ್ಕ ಹಾಕಬಲ್ಲರು. ಆ ತೂಕದಿಂದ ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದೊಂದು ಗೊತ್ತಿದ್ದರೆ ಸಾಕು. ಗುರುತ್ವ ವೇಗೋತ್ಕರ್ಷವನ್ನು ಆ ಕುಗ್ಗುವಿಕೆಯಿಂದ ಭಾಗಿಸಿ, ವರ್ಗಮೂಲವನ್ನು ತೆಗೆದು, 6.28ರಿಂದ ಭಾಗಿಸಬೇಕು. ದೊಡ್ಡ ಕಾರು ತನ್ನ ಸ್ಪ್ರಿಂಗುಗಳನ್ನು 16 ಸೆಂಟಿಮೀಟರು ಕುಗ್ಗಿಸಿದ್ದರೆ ಅದು ಸೆಕೆಂಡಿಗೆ 1.25 ಬಾರಿ ಕುಣಿಯುತ್ತದೆ. ಪುಟ್ಟ ಬಂಡಿಯಲ್ಲಿ ಕುಗ್ಗುವಿಕೆ 1.6 ಸೆಂಟಿಮೀಟರಾದರೆ ಕುಣಿತವು ಸೆಕೆಂಡಿಗೆ ಸುಮಾರು 4 ಬಾರಿ. ಹತ್ತು ಪಟ್ಟಲ್ಲ, ಹತ್ತರ ವರ್ಗಮೂಲದಷ್ಟು, ಎಂದರೆ 3.16 ಪಟ್ಟು ಹೆಚ್ಚು. ಉದ್ದವನ್ನು ನಾವು ಕಿರಿದುಮಾಡಿದೆವು. ಆದರೆ ಭೂಮಿಯ ಆಕರ್ಷಣೆ ಮೊದಲಿನಷ್ಟೇ ಉಳಿಯಿತು. ಈ ಎರಡರ ನಡುವೆ ಸಿಕ್ಕಿ, ಕಾಲವು ವರ್ಗಮೂಲದ ಪ್ರಮಾಣದಲ್ಲಿ ಕುಗ್ಗಿತು.

ಪೆಟ್ಟಿಗೆಯ ಮೇಲಿನ ವೇಗದ ಲೆಕ್ಕಕ್ಕೂ ಇದೇ ಉತ್ತರ. ಬಂಡಿಯ ಉದ್ದವನ್ನು ಹತ್ತರಿಂದ ಗುಣಿಸುವಾಗ ಕಾಲವನ್ನೂ 3.16ರಿಂದ ಗುಣಿಸಬೇಕು, ಆಗ ವೇಗ ಹೆಚ್ಚುವುದು 3.16 ಪಟ್ಟು ಮಾತ್ರ. ಗಂಟೆಗೆ 30 ಕಿಲೋಮೀಟರು ಓಡುವ ಬಗ್ಗಿಯ ಜಿಗಿತ, ಒಲೆತ, ತಿರುವುಗಳು ಸುಮಾರು 95 ಕಿಲೋಮೀಟರು ವೇಗದ ಕಾರಿನವಂತೆ ಇರುತ್ತವೆಯೇ ಹೊರತು 300 ಕಿಲೋಮೀಟರಿನ ಕಾರಿನವಂತೆ ಅಲ್ಲ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು 1870ರ ದಶಕದಲ್ಲಿ ನೀರಿನ ತೊಟ್ಟಿಯಲ್ಲಿ ಪುಟ್ಟ ಹಡಗುಗಳನ್ನು ಎಳೆದು ದೊಡ್ಡ ಹಡಗುಗಳ ಗುಣವನ್ನು ತಿಳಿದುದು ಈ ವರ್ಗಮೂಲದ ನಿಯಮದಿಂದಲೇ. ಚಲನಚಿತ್ರದವರಿಗೂ ಇದು ಗೊತ್ತು. ಹತ್ತರಲ್ಲೊಂದು ಅಳತೆಯ ಕಾರು ಪ್ರಪಾತಕ್ಕೆ ಬೀಳುವ ದೃಶ್ಯವನ್ನು ಸೆಕೆಂಡಿಗೆ 24ರ ಬದಲು ಸುಮಾರು 76 ಚಿತ್ರಗಳಂತೆ ತೆಗೆದು, ಸಾಧಾರಣ ವೇಗದಲ್ಲಿ ತೋರಿಸಿದರೆ ನೋಡುವವರು ಅದನ್ನು ದೊಡ್ಡ ಕಾರೆಂದೇ ನಂಬುತ್ತಾರೆ.

ರೇಡಿಯೋ ಭಾಗವನ್ನು ಇಂದು ಜೋಡಿಸುವುದಕ್ಕೆ ಹೆಚ್ಚು ಶ್ರಮವಿಲ್ಲ. ನಿಕೊಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೋ ತರಂಗಗಳಿಂದ ದೋಣಿಯೊಂದನ್ನು ನಡೆಸಿ ಜನರನ್ನು ಬೆರಗುಗೊಳಿಸಿದ್ದನು. 1984ರ ಬಗ್ಗಿಗಳಲ್ಲಿ ಬಳಕೆಯಲ್ಲಿದ್ದ 27 ಮೆಗಾಹರ್ಟ್ಸ್ ತರಂಗದ ಉದ್ದ 11 ಮೀಟರು. ಅದಕ್ಕೆ ಬಂಡಿಯ ಮೇಲೆ ಬಾಲದಂತೆ ತೂಗಾಡುವ ತಂತಿ ಬೇಕಾಗಿತ್ತು. ಈಗಿನ 2.4 ಗಿಗಾಹರ್ಟ್ಸ್ ತರಂಗದ ಉದ್ದ 12.5 ಸೆಂಟಿಮೀಟರು; ಮೂರು ಸೆಂಟಿಮೀಟರಿನ ತುಂಡು ತಂತಿ ಸಾಕು. ಚುಕ್ಕಾಣಿಯನ್ನು ತಿರುಗಿಸುವ ಸರ್ವೋ ಯಂತ್ರಕ್ಕೆ ಸೆಕೆಂಡಿಗೆ ಸುಮಾರು 50 ಸಲ ವಿದ್ಯುತ್ತಿನ ಮಿಡಿತ ಹೋಗುತ್ತದೆ. ಮಿಡಿತದ ಅವಧಿ 1.5 ಮಿಲಿಸೆಕೆಂಡಾದರೆ ಗಾಲಿಗಳು ನೇರ. 1ಕ್ಕೆ ಇಳಿದರೆ ಒಂದು ಕಡೆಗೆ, 2ಕ್ಕೆ ಏರಿದರೆ ಇನ್ನೊಂದು ಕಡೆಗೆ.

ಮೇಲುಹೊದಿಕೆಗೆ ಬಣ್ಣ ಬಳಿಯುವುದು ಒಳಗಡೆಯಿಂದ. ಹೊದಿಕೆ ಪಾರದರ್ಶಕವಾದ ಪಾಲಿಕಾರ್ಬೊನೇಟಿನದಾದುದರಿಂದ ಚಿತ್ರಕಾರನು ಗೆರೆ ಅಂಚುಗಳನ್ನು ಮೊದಲು ಬರೆದು, ನೆಲದ ಬಣ್ಣವನ್ನು ಕೊನೆಗೆ ಹಚ್ಚಬೇಕು. ಹೊರಗಡೆ ಎಷ್ಟು ಉಜ್ಜಿದರೂ ಬಣ್ಣಕ್ಕೆ ಭಯವಿಲ್ಲ.

ಬಂಡಿ ಸಿದ್ಧವಾಗಿ ಮಣ್ಣಿನ ದಿಣ್ಣೆಯಿಂದ ಜಿಗಿದಾಗ ಒಂದು ವಿನೋದವನ್ನು ನೋಡಬಹುದು. ಅರ್ಧ ಮೀಟರು ಮೇಲೇರಿ ಮತ್ತೆ ನೆಲಕ್ಕೆ ಬರಲು ಅದಕ್ಕೆ 0.64 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಆಸರೆಗೆ ನೆಲವಿಲ್ಲದಿದ್ದರೂ ಬಂಡಿಯನ್ನು ಓಲಿಸಲು ಸಾಧ್ಯ. ಮೋಟಾರಿನ ವೇಗವನ್ನು ಹೆಚ್ಚಿಸಿದರೆ ಹಿಂದಿನ ಗಾಲಿಗಳು ಮುಂದಕ್ಕೆ ಬಿರುಸಾಗಿ ಸುತ್ತುತ್ತವೆ. ಕೋನೀಯ ಸಂವೇಗದ ಮೊತ್ತ ಬದಲಾಗಬಾರದಾದುದರಿಂದ ಒಡಲು ವಿರುದ್ಧ ದಿಕ್ಕಿಗೆ ತಿರುಗಿ ಮೂತಿ ಮೇಲೇಳುತ್ತದೆ. ಬ್ರೇಕು ಹಾಕಿದರೆ ಮೂತಿ ಕೆಳಗಿಳಿಯುತ್ತದೆ. ಮೂತಿ ಮೊದಲಾಗಿ ನೆಲಕ್ಕೆ ಕುಕ್ಕಲಿರುವ ಬಂಡಿಯನ್ನು ಹೀಗೆ ಗಾಳಿಯಲ್ಲಿಯೇ ನೇರಮಾಡುವುದು ಪಂದ್ಯದವರಿಗೆ ನಿತ್ಯದ ಮಾತು.

ಎಲ್ಲವೂ ಹೀಗೆ ಒಂದೊಂದು ಪ್ರಮಾಣದಲ್ಲಿ ಕುಗ್ಗಿದರೂ ಬಂಡಿಯನ್ನು ನಡೆಸುವವನ ಮಿದುಳು ಕುಗ್ಗುವುದಿಲ್ಲ. ಕಣ್ಣು ಕಂಡುದಕ್ಕೆ ಬೆರಳು ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು. ಗಂಟೆಗೆ 30 ಕಿಲೋಮೀಟರಿನಲ್ಲಿ ಅಷ್ಟು ಹೊತ್ತಿಗೆ ಬಂಡಿ 1.7 ಮೀಟರು ಮುಂದೆ ಹೋಗಿರುತ್ತದೆ. ನಾಲ್ಕು ಮೀಟರು ಉದ್ದದ ಕಾರಿಗೆ ಅದು ತನ್ನ ಅರ್ಧ ಉದ್ದಕ್ಕಿಂತಲೂ ಕಡಿಮೆ; 40 ಸೆಂಟಿಮೀಟರಿನ ಬಗ್ಗಿಗೆ ತನ್ನ ನಾಲ್ಕು ಪಟ್ಟು ಉದ್ದ. ಸಾಲದುದಕ್ಕೆ, ಬಂಡಿ ನಮ್ಮ ಕಡೆಗೆ ತಿರುಗಿ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಆದುದರಿಂದ ಮೊದಲ ಕೆಲವು ದಿನ ಮೋಟಾರಿನ ಅಚ್ಚಿಗೆ ಕಡಿಮೆ ಹಲ್ಲುಗಳ ಗಿಯರನ್ನು ಹಾಕಿ, ಗೋಡೆ ಕಂಬಗಳಿಲ್ಲದ ಬಯಲಿನಲ್ಲಿ, ತನ್ನ ಕಡೆಗೇ ಬರುವಂತೆ ಎಂಟರ ಆಕಾರದಲ್ಲಿ ಬಂಡಿಯನ್ನು ನಿಧಾನವಾಗಿ ಓಡಿಸಿ ಕೈ ಪಳಗಿಸಿಕೊಳ್ಳಬೇಕು. ದೊಡ್ಡ ಗಿಯರನ್ನು ಆಮೇಲೆ ಹಾಕಬಹುದು.